ಉತ್ತರ ಕಂಡ ಮಡಿಕೆ

ಅವಳಿಗೆ ‘ಉತ್ತರ’ ಎಂದು ಹೆಸರಿಟ್ಟವರು ಕಾಲೇಜಿನ ಹುಡುಗರು, ಮತ್ತು ಇಟ್ಟಾಗ ಅದು ಹೊಗಳಿಕೆಯೇ ಆಗಿತ್ತು. ಭೂವಿಜ್ಞಾನದ ತರಗತಿಯಲ್ಲಿ ದಿಕ್ಸೂಚಿ ಹಿಡಿಯುವುದನ್ನು ಕಲಿಸಿದ ಮೊದಲ ವಾರವೇ ಅವಳು ಮುಳ್ಳು ನಿಲ್ಲುವುದಕ್ಕೂ ಮುಂಚೆ ಉತ್ತರ ದಿಕ್ಕಿಗೆ ಬೆರಳು ಮಾಡುತ್ತಿದ್ದಳು. ಮೇಷ್ಟ್ರು ಏನು ಕೇಳಿದರೂ ಉತ್ತರ ಹೇಳಲು ಮೊದಲು ಏಳುತ್ತಿದ್ದ ಕೈಯೂ ಅವಳದೇ. ಎರಡಕ್ಕೂ ಸೇರಿ ಒಂದೇ ಹೆಸರು ಸಾಕಾಯಿತು. ಅವಳ ಬೀದಿಯವರೂ ಈಗ ಹಾಗೇ ಕರೆಯುತ್ತಾರೆ. ಯಾಕೆ ಆ ಹೆಸರು ಎಂದು ಕೇಳಿದರೆ ನಗುತ್ತಾರೆ.

ಮನೆಯಲ್ಲಿದ್ದದ್ದು ಅಮ್ಮ, ಮಗಳು ಮತ್ತು ಹೊಲಿಗೆ ಯಂತ್ರ. ಬೀದಿಗೆ ತೆರೆದ ಒಂದೇ ಕೋಣೆ, ಕಿಟಕಿಯ ಬೆಳಕಿಗೆ ಯಂತ್ರ, ನೆಲದ ತುಂಬ ನೂಲಿನ ತುಣುಕು. ಅಮ್ಮನ ಕುತ್ತಿಗೆಯಲ್ಲಿ ಅಳತೆ ಟೇಪು, ಎದೆಯ ಮೇಲೆ ಸಾಲಾಗಿ ಗುಂಡುಪಿನ್ನು, ಸೊಂಟದಲ್ಲಿ ದಾರ ಕಟ್ಟಿದ ಕತ್ತರಿ. ಅವಳು ಹತ್ತಿರ ಬಂದರೆ ಚುಚ್ಚೀತು ಎಂದು ಮಗಳು ಚಿಕ್ಕಂದಿನಲ್ಲಿ ಅಪ್ಪಿಕೊಳ್ಳುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದಳಂತೆ.

ಕೊನೆಯ ವರ್ಷದ ವಿದ್ಯಾರ್ಥಿಗಳು ಒಂದು ಗುಡ್ಡಕ್ಕೆ ಹೋಗಿ, ಅಲ್ಲಿಯ ತಳಬಂಡೆಯ ನಕ್ಷೆ ಬರೆದು ತರಬೇಕು. ಅದಿಲ್ಲದೆ ಪದವಿ ಇಲ್ಲ. ಉತ್ತರ ಹಿಂದಿನ ವರ್ಷ ಹೋದವಳು ಎರಡನೆಯ ದಿನವೇ ಜಾರಿ ಬಿದ್ದು ಬೆನ್ನುಮೂಳೆ ಬಿರುಕು ಬಿಡಿಸಿಕೊಂಡು ಬಂದಿದ್ದಳು. ಕಾಲೇಜಿನವರು ಇನ್ನೊಂದು ಅವಕಾಶ ಕೊಟ್ಟರು, ಮೂರನೆಯದು ಇಲ್ಲ ಎಂದೂ ಹೇಳಿದರು. ವೈದ್ಯರು ಸೊಂಟಕ್ಕೆ ಪಟ್ಟಿ ಕಟ್ಟು, ಬಿಚ್ಚಬೇಡ ಎಂದರು. ಅಂಗಡಿಯ ಪಟ್ಟಿ ಅಂಗಿಯ ಮೇಲೆ ಉಬ್ಬಿ ಕಾಣುತ್ತಿತ್ತು. ಬೆನ್ನು ಹೋದವಳನ್ನು ಗುಡ್ಡಕ್ಕೆ ಯಾರು ಕರೆದೊಯ್ಯುತ್ತಾರೆ? ಅದಕ್ಕೇ ಅಮ್ಮ ತಾನೇ ಒಂದನ್ನು ಹೊಲಿದಳು. ತೆಳ್ಳಗಿನ ಬಟ್ಟೆ, ಒಳಗೆ ಪ್ಲಾಸ್ಟಿಕ್ ಕಡ್ಡಿ. ವರ್ಷವಿಡೀ ಅದನ್ನು ಕಟ್ಟಿಕೊಂಡು ತರಗತಿಗೆ ಹೋದರೂ ಯಾರಿಗೂ ಸುಳಿವು ಸಿಗಲಿಲ್ಲ.

ಹೊರಡುವ ಹಿಂದಿನ ದಿನ ಅಮ್ಮನಿಗೆ ಅದೇನು ತೋಚಿತೋ. ಪಟ್ಟಿಯ ಹೊಲಿಗೆ ಬಿಚ್ಚಿ, ಪ್ಲಾಸ್ಟಿಕ್ ಕಡ್ಡಿ ಕಿತ್ತೆಸೆದು, ಎದುರಿನ ವರ್ಕ್‌ಶಾಪಿನಿಂದ ಹಳೆಯ ಗರಗಸದ ಅಲಗುಗಳನ್ನು ತಂದಳು. ಅಲಗಿನ ಹಲ್ಲುಗಳನ್ನು ಉಜ್ಜಿಸಿ ಸವೆಸಿ, ಅಳತೆಗೆ ಕತ್ತರಿಸಿ, ಒಳಗಿಟ್ಟು ಹೊಲಿದಳು.

“ಪ್ಲಾಸ್ಟಿಕ್ ಬಗ್ಗುತ್ತೆ ಕಣೇ,” ಎಂದಳು. “ಬಂಡೆ ಹತ್ತೋಳಿಗೆ ಉಕ್ಕೇ ಸರಿ. ಕಟ್ಕೊಂಡು ನೋಡು, ನೆಟ್ಟಗೆ ನಿಂತ್ಕೋತೀಯ.”

ನಿಜಕ್ಕೂ ನೆಟ್ಟಗೆ ನಿಂತಳು. ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ ನೋಡಿಕೊಂಡು ಖುಷಿಪಟ್ಟಳು. ದಿಕ್ಸೂಚಿ ಹಿಡಿಯುವವಳ ಸೊಂಟಕ್ಕೆ ಉಕ್ಕು! ಅಮ್ಮನಿಗೆ ಗೊತ್ತಿಲ್ಲ, ಬಿಡಿ. ತರಗತಿಗೇ ಮೊದಲಿಗಳಾದ ಇವಳಿಗೆ ಏನಾಗಿತ್ತು? ಮುಳ್ಳಿನ ಹತ್ತಿರ ಕಬ್ಬಿಣ ಸುಳಿಯಬಾರದು ಎಂದು ಸುತ್ತಿಗೆಯನ್ನು ದೂರ ಇಟ್ಟು ಬಂದು ಅಳೆಯುತ್ತಿದ್ದವಳು ಇವಳೇ, ಮರೆತ ಹುಡುಗರನ್ನು ಗದರುತ್ತಿದ್ದವಳೂ ಇವಳೇ. ಆದರೆ ಮೈಗೆ ಅಂಟಿದ್ದು ಲೆಕ್ಕಕ್ಕೇ ಬರುವುದಿಲ್ಲ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವರಿಲ್ಲವೇ, ಹಾಗೆ.

ಗುಡ್ಡದ ಬುಡದಲ್ಲೊಂದು ಖಾಲಿ ಗೋದಾಮು, ಅದರಲ್ಲಿ ಎಲ್ಲರ ಹಾಸಿಗೆ. ಕರೆದೊಯ್ದ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ‘ಸುತ್ತಿಗೆ’. ಅವರು ಬಸ್ಸಿನಿಂದ ಇಳಿದವರೇ ಸೊಂಟದ ಮೇಲೆ ಕೈಯಿಟ್ಟು ನಿಂತು, “ಯಾರಿಗಾದ್ರೂ ನೋವು ಗೀವು ಇದ್ರೆ ಈಗ್ಲೇ ಹೇಳಿ, ಬಸ್ಸು ಇನ್ನೂ ನಿಂತಿದೆ,” ಎಂದರು. ಹೇಳುವಾಗ ಉತ್ತರಳನ್ನೇ ನೋಡಿದರು. ಅವಳು ಚೀಲ ಹೆಗಲಿಗೇರಿಸಿ ಗೋದಾಮಿನ ಕಡೆ ನಡೆದಳು.

ಆ ಬಂಡೆ ಮುನ್ನೂರು ಕೋಟಿ ವರ್ಷದಷ್ಟು ಹಳೆಯದು. ಮೈತುಂಬ ಕಪ್ಪು ಬಿಳುಪಿನ ಪಟ್ಟೆ. ಪಟ್ಟೆ ಯಾವ ದಿಕ್ಕಿಗೆ ಓಡುತ್ತದೆ ಎಂದು ಜಾಗಜಾಗದಲ್ಲಿ ಅಳೆದು, ನಕ್ಷೆಯ ಮೇಲೆ ಪುಟ್ಟ ಗೆರೆ ಹಾಕುತ್ತಾ ಹೋಗಬೇಕು, ಅಷ್ಟೇ ಕೆಲಸ. ದಿಕ್ಸೂಚಿಯನ್ನು ಹೊಕ್ಕುಳ ಹತ್ತಿರ ಒತ್ತಿ ಹಿಡಿದರೆ ಕೈ ಅಲುಗುವುದಿಲ್ಲ ಎಂದು ಸುತ್ತಿಗೆ ಮೇಷ್ಟ್ರೇ ಕಲಿಸಿದ್ದರು. ಉತ್ತರ ಗುಡ್ಡದ ಒಂದು ಬದಿ ಹಿಡಿದಳು, ಅವಳಿಗೆ ಜೋಡಿಯಾಗಿ ಹಾಕಿದ್ದ ಕನ್ನಡಕದ ಹುಡುಗ ಇನ್ನೊಂದು ಬದಿ. ಅವಳು ಮುಖವನ್ನು ಗುಡ್ಡಕ್ಕೆ ಕೊಟ್ಟು, ಸುತ್ತು ಬರುತ್ತಾ ಅಳೆದಳು. ತಾನು ತಿರುಗಿದಂತೆಲ್ಲ ಬೆನ್ನಿನ ಉಕ್ಕು ಮುಳ್ಳನ್ನು ಒಂದೊಂದು ಕಡೆ ಒಂದೊಂದಿಷ್ಟು ಎಳೆಯಿತು.

ಸಂಜೆ ಗೋದಾಮಿನ ಮೇಜಿನ ಮೇಲೆ ನಕ್ಷೆ ಹರಡಿದರೆ, ಗೆರೆಗಳೆಲ್ಲ ಒಂದರ ಹಿಂದೊಂದು ನಯವಾಗಿ ಬಾಗಿ ಬಿಲ್ಲಿನಂತೆ ತಿರುಗಿದ್ದವು. ಅದು ಮಡಿಕೆ. ಭೂಮಿ ಬಿಸಿಯಾಗಿ ಮೆತ್ತಗಿದ್ದಾಗ ಬಂಡೆ ಬಟ್ಟೆಯಂತೆ ಮಡಚಿಕೊಂಡ ಗುರುತು. ವರ್ಷವರ್ಷ ಇಷ್ಟು ಜನ ಇದೇ ಗುಡ್ಡ ಅಳೆದಿದ್ದರೂ ಯಾರಿಗೂ ಕಾಣದ್ದು ತನಗೆ ಕಂಡಿದೆ. ಆಹಾ, ಆ ರಾತ್ರಿಯ ಅವಳ ಸಂತೋಷ ನೆನೆದರೆ ಅಯ್ಯೋ ಎನಿಸುತ್ತದೆ. ಊಟ ಸೇರಲಿಲ್ಲ, ಬೆನ್ನು ನೋವೂ ನೆನಪಾಗಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಎರಡೂ ಬದಿಯ ನಕ್ಷೆ ಜೋಡಿಸಿದರು. ಕನ್ನಡಕದ ಹುಡುಗನ ಗೆರೆಗಳು ನೆಟ್ಟಗೆ ಬಂದು, ಅವಳ ಗೆರೆಗಳ ಅಂಚಿನಲ್ಲಿ ತಬ್ಬಿಬ್ಬಾಗಿ ನಿಂತವು. “ನಂದು ಸರಿ ಇದೆ ಸಾರ್, ಅವನು ಸುತ್ತಿಗೆ ಜೇಬಲ್ಲಿಟ್ಕೊಂಡು ಅಳೆದಿರ್ತಾನೆ,” ಎಂದಳು ಉತ್ತರ. ಆ ಮಾತೊಂದು ಆಡದಿದ್ದರೆ ಚೆನ್ನಾಗಿತ್ತು.

“ಹೌದಾ? ನಡೀರಿ, ಎಲ್ಲರೂ ನಡೀರಿ,” ಎಂದರು ಮೇಷ್ಟ್ರು.

ಇಡೀ ತರಗತಿ ಬಂಡೆಯ ಸುತ್ತ ನಿಂತಿತು. ಮೇಷ್ಟ್ರು ಮೊದಲು ತಾವು ಅಳೆದರು. ಆಮೇಲೆ ಅವಳಿಗೆ ಅಳೆಯಲು ಹೇಳಿದರು. ಅವಳದೇ ದಿಕ್ಸೂಚಿ ಬೇರೆ ಕಡೆ ತಿರುಗಿತು. ತಮ್ಮದನ್ನು ಕೊಟ್ಟರು, ಅದೂ ತಿರುಗಿತು. ಅವರಿಗೆ ಅಲ್ಲೇ ಅರ್ಥವಾಯಿತು ಎಂದು ಕಾಣುತ್ತದೆ. ಮುಖದಲ್ಲಿ ನಗು ಬಂತು.

“ಏನಮ್ಮಾ ಉತ್ತರ, ಮುಳ್ಳಿಗೆ ನಿನ್ನ ಮೇಲೆ ಆಸೆ ಹುಟ್ಟಿದೆ. ಮೈಮೇಲೆ ಏನಿದೆ, ತೆಗಿ.”

ಕೈಗಡಿಯಾರ ತೆಗೆದಳು. “ಇನ್ನೇನಿದೆ?” ಬೀಗದ ಕೈ ತೆಗೆದಳು. “ಇನ್ನೇನಿದೆ?” ತಲೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಬಂಡೆಯ ಮೇಲಿಟ್ಟಳು, ಕೂದಲು ಮುಖಕ್ಕೆ ಬಂತು. ಹುಡುಗರು ಪ್ರತಿಸಲವೂ ನಕ್ಕರು. ಆಗ ಅವಳಿಗೆ ಹೊಳೆಯಿತು. ಕೈ ಸೊಂಟದ ಪಟ್ಟಿಯ ಮೇಲೆ ಹೋಯಿತು.

“ಇನ್ನೇನೂ ಇಲ್ಲ ಸಾರ್.”

“ಮುಳ್ಳು ಇದೆ ಅಂತಿದೆಯಲ್ಲ. ಇಲ್ಲೇ ತೆಗಿ, ಯಾರೂ ನೋಡಲ್ಲ.”

ಎಲ್ಲರೂ ನೋಡಿದರು. ಅವಳು ಅಂಗಿಯ ಕೆಳಗೆ ಕೈಹಾಕಿ ಪಟ್ಟಿಯನ್ನು ಪರ್ರನೆ ಬಿಚ್ಚಿ ಎಳೆದಳು. ಅದನ್ನು ದೂರ ಇಟ್ಟು ಬಂದು ಅಳೆದರೆ ಮುಳ್ಳು ಕನ್ನಡಕದ ಹುಡುಗನ ಲೆಕ್ಕಕ್ಕೇ ಬಂದು ನಿಂತಿತು. ಮಡಿಕೆ ಇರಲೇ ಇಲ್ಲ. ಮೇಷ್ಟ್ರು ಸುತ್ತಿಗೆಯ ತುದಿಯಿಂದ ಪಟ್ಟಿಯನ್ನು ಎತ್ತಿ ಹಿಡಿದರು, ಸತ್ತ ಇಲಿಯನ್ನು ಎತ್ತುವ ಹಾಗೆ.

“ಯಾರು ಹೊಲಿದಿದ್ದು?”

“ನಮ್ಮಮ್ಮ ಸಾರ್.”

“ಅಲ್ಲಮ್ಮ, ಮುನ್ನೂರು ಕೋಟಿ ವರ್ಷ ನೆಟ್ಟಗಿದ್ದ ಬಂಡೇನ ನಿಮ್ಮಮ್ಮ ಹೊಲಿಗೆ ಯಂತ್ರದಲ್ಲಿ ಕೂತು ಬಗ್ಗಿಸಿಬಿಟ್ರಲ್ಲ.”

ನಗು ಗುಡ್ಡಕ್ಕೆ ಬಡಿದು ವಾಪಸು ಬಂತು. ಎಲ್ಲರ ಜೊತೆ ಉತ್ತರಳೂ ನಕ್ಕಳು. ಅಳುವುದಕ್ಕಿಂತ ಅದು ಸುಲಭವಾಗಿತ್ತು. ಅಮ್ಮನ ಮೇಲೆ ನಕ್ಕೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು, ಆ ನಾಚಿಕೆ ನಿಧಾನವಾಗಿ ಸಿಟ್ಟಾಯಿತು.

“ಪಟ್ಟಿ ಇಲ್ದೆ ಮತ್ತೆ ಎಲ್ಲಾ ಅಳೀತೀನಿ ಸಾರ್. ಇನ್ನೂ ಮೂರು ದಿನ ಇದೆ.”

“ಅಳಿ, ಬೇಡ ಅಂದೋರ್ಯಾರು. ಮೊದಲು ಆ ಸುತ್ತಿಗೆ ಎತ್ತಿಕೊಡು ನೋಡೋಣ.”

ಕೈಯಲ್ಲಿದ್ದ ಸುತ್ತಿಗೆಯನ್ನು ಅವರು ಅವಳ ಕಾಲ ಬಳಿ ಹಾಕಿದ್ದರು. ಬಗ್ಗಿದಳು. ಅರ್ಧಕ್ಕೆ ಬಗ್ಗಿದ್ದೇ ಬೆನ್ನು ಹಿಡಿದುಕೊಂಡಿತು, ಮೇಲೂ ಇಲ್ಲ ಕೆಳಗೂ ಇಲ್ಲ. ಮೇಷ್ಟ್ರು ಅವಸರ ಮಾಡಲಿಲ್ಲ, ಎಲ್ಲರೂ ಚೆನ್ನಾಗಿ ನೋಡುವಷ್ಟು ಹೊತ್ತು ಬಿಟ್ಟು “ಸಾಕು,” ಎಂದರು. ಮಧ್ಯಾಹ್ನ ದಿನಸಿ ತಂದ ಜೀಪಿನಲ್ಲಿ ಅಕ್ಕಿಯ ಖಾಲಿ ಚೀಲಗಳ ಮೇಲೆ ಅವಳನ್ನು ಕೂರಿಸಿ ಕಳಿಸಿದರು. ಪದವಿಯ ಕಥೆ ಅಲ್ಲಿಗೆ ಮುಗಿಯಿತು. ದಿಕ್ಸೂಚಿ ಅವಳ ಜೇಬಿನಲ್ಲೇ ಉಳಿದಿತ್ತು.

ಮನೆಗೆ ಬಂದಾಗ ಅಮ್ಮ ಒಂದು ಅಂಗಿಯ ತೋಳಿನ ತುದಿಗೆ ಕಫ್ ಕೂರಿಸುತ್ತಿದ್ದಳು. ಮಗಳನ್ನು ನೋಡಿ ಎದ್ದೇ ನಿಂತಳು.

“ಇಷ್ಟು ಬೇಗ ಮುಗೀತಾ? ಪಟ್ಟಿ ಹೇಗಿತ್ತು, ನೆಟ್ಟಗೆ ನಿಲ್ಲಿಸ್ತಾ?”

ಉತ್ತರ ಚೀಲ ಇಳಿಸಲಿಲ್ಲ. ದಿಕ್ಸೂಚಿ ತೆಗೆದು ಅಮ್ಮನ ಹೊಟ್ಟೆಯ ಮುಂದೆ ಹಿಡಿದಳು. ಮುಳ್ಳು ಓಡಾಡಿ ಅಮ್ಮನ ಕಡೆಗೆ ವಾಲಿ ನಿಂತಿತು.

“ಇದೇನೇ ಇದು, ನನ್ನ ಕಡೆ ತಿರುಗ್ತಲ್ಲ,” ಅಮ್ಮ ನಕ್ಕಳು.

“ಇದು ಉತ್ತರಕ್ಕೆ ನಿಲ್ಲಬೇಕು. ಮೈಮೇಲೆ ಏನಿದೆ, ತೆಗಿ.”

ಆಟ ಇರಬೇಕು ಎಂದು ಅಮ್ಮ ಕತ್ತರಿ ಬಿಚ್ಚಿ ಕೊಟ್ಟಳು. ಮಗಳು ಅದನ್ನು ಹೊಸಿಲಾಚೆ ಎಸೆದಳು. “ಇನ್ನೇನಿದೆ?” ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟಿದ್ದ ಅಂಗುಸ್ತಾನ ಕೊಟ್ಟಳು. “ಇನ್ನೇನಿದೆ?” ಎದೆಯ ಮೇಲಿನ ಗುಂಡುಪಿನ್ನುಗಳನ್ನು ಒಂದೊಂದಾಗಿ ಕಿತ್ತು ಮಗಳ ಅಂಗೈಗೆ ಹಾಕಿದಳು. ಆ ಹೊತ್ತಿಗೆ ಅಮ್ಮನ ಮುಖದಲ್ಲಿ ನಗು ಉಳಿದಿರಲಿಲ್ಲ. “ನಿನ್ನ ಪಟ್ಟಿಯಿಂದಾನೇ ಹೋಯ್ತು,” ಎಂದಳು ಮಗಳು. “ಎಲ್ಲಾ ಹೋಯ್ತು. ಇನ್ನೇನಿದೆ?”

ಅಮ್ಮನ ಬೆನ್ನ ಹಿಂದೆ ಹೊಲಿಗೆ ಯಂತ್ರವಿತ್ತು. ಅಷ್ಟು ದೊಡ್ಡ ಕಬ್ಬಿಣ ಇರುವವರೆಗೆ ಆ ಕೋಣೆಯಲ್ಲಿ ಯಾವ ಮುಳ್ಳೂ ಉತ್ತರ ತೋರುವುದಿಲ್ಲ. ಮಗಳಿಗೆ ಅದು ಗೊತ್ತಿತ್ತು. ಈ ಸಲ ಚೆನ್ನಾಗಿ ಗೊತ್ತಿತ್ತು. ಆದರೂ ದಿಕ್ಸೂಚಿಯನ್ನು ಇಳಿಸಲಿಲ್ಲ.

“ಮುಳ್ಳು ಇನ್ನೂ ತಿರುಗಿಲ್ಲ ನೋಡು. ಇನ್ನೇನಿದೆ ನಿನ್ನ ಹತ್ರ?”

ಅಮ್ಮ ಸೊಂಟ ತಡವಿಕೊಂಡಳು, ಕುತ್ತಿಗೆ ತಡವಿಕೊಂಡಳು. ಆಮೇಲೆ ಎರಡೂ ಕೈ ಬಿಡಿಸಿ ತೋರಿಸಿದಳು.

“ಇನ್ನೇನೂ ಇಲ್ಲ ಕಣೇ,” ಎಂದಳು. “ನೀನೇ ನೋಡು.”