ಫುವಾತಿನೋ ಟೀಚರ್ ಮತ್ತು ಅರ್ಹವಲ್ಲದ ಕಂಪ್ಯೂಟರ್

ಸವಾಯಿ ದ್ವೀಪದ ಆ ಹಳ್ಳಿ ಶಾಲೆಯಲ್ಲಿ ಫುವಾತಿನೋ ಟೀಚರ್ ಕಲಿಸುತ್ತಿದ್ದುದು ಲೆಕ್ಕ, ಗುದ್ದಾಡುತ್ತಿದ್ದುದು ಕಂಪ್ಯೂಟರಿನ ಜೊತೆ. ಇದ್ದದ್ದೇ ಒಂದು. ನ್ಯೂಜಿಲೆಂಡಿನವರು ತಮಗೆ ಬೇಡವಾದದ್ದನ್ನು ದಾನವೆಂದು ಕಳಿಸಿದ್ದರು. ಉಪ್ಪುಗಾಳಿಗೆ ತುಕ್ಕು ಹಿಡಿದು, ಒಳಗೆ ಇರುವೆ ಸೇರಿ, ಅದರ ಫ್ಯಾನಿನ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು.

ಈ ವರ್ಷ ಪರೀಕ್ಷೆಯೂ ಕಂಪ್ಯೂಟರಿನಲ್ಲೇ. ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಪ್ರಶ್ನೆಗಳು ತೆರೆಯುವುದಿಲ್ಲವಂತೆ. ಸೋಮವಾರವೇ ಪರೀಕ್ಷೆ; ಅಷ್ಟರೊಳಗೆ ಹೊಸದು ಹಾಕದಿದ್ದರೆ, ಸರದಿಯ ಮೇಲೆ ಇಲ್ಲೇ ಬರೆಯಬೇಕಾದ ಮಕ್ಕಳು ಕತ್ತಲಲ್ಲೇ ಎದ್ದು, ಬಸ್ಸಿನಲ್ಲಿ ಹಡಗುಕಟ್ಟೆಯ ಊರಿನ ಶಾಲೆಗೆ ಹೋಗಬೇಕು.

ಶನಿವಾರ ಬೆಳಗ್ಗೆ ಟೀಚರ್ ಹೊಸ ಸಿಸ್ಟಂ ಇದ್ದ ಪೆನ್‌ಡ್ರೈವ್ ಸಿಕ್ಕಿಸಿದರು. 'ಈ ಕಂಪ್ಯೂಟರ್ ಅರ್ಹವಲ್ಲ' ಎಂದು ಪರದೆ ಮುಖಕ್ಕೆ ಹೊಡೆದಂತೆ ಹೇಳಿತು.

"ನನ್ನ ಗಂಡನೂ ಅರ್ಹ ಅಲ್ಲ. ಸಂಸಾರ ನಡೀತಿಲ್ವಾ? ತೆಪ್ಪಗೆ ಹಾಕ್ಕೋ!"

ಅರ್ಹತೆಯ ತಪಾಸಣೆಯನ್ನು ದಾಟುವ ಉಪಾಯ ಹುಡುಕುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅಂತೂ ಯಂತ್ರ ಒಪ್ಪಿತು. ಕೆಲಸ ಮುಕ್ಕಾಲು ಮುಗಿದಿರುವಾಗ ಮುಸ್ಸಂಜೆಯ ಶಂಖ ಮೊಳಗಿತು. ಪ್ರಾರ್ಥನೆಯ ಹೊತ್ತು, ಬೀದಿಯಲ್ಲಿ ಯಾರೂ ಸುಳಿಯುವಂತಿಲ್ಲ. ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಟೀಚರ್ ಮನೆಗೆ ಓಡಿದರು.

ಮರಳಿ ಬಂದಾಗ ಪರದೆ ಕಪ್ಪಗಿತ್ತು. ಬಾಗಿಲಲ್ಲಿ ಕೋಲೂರಿ ನಿಂತಿದ್ದವರು ಊರಿನ ಹಿರಿಯ ಲೆಪಾಗಾ. ಪ್ರಾರ್ಥನೆಯ ಹೊತ್ತಿನಲ್ಲಿ ಊರು ಕಾಯುವುದು ಅವರ ಕೆಲಸ.

"ಏನಮ್ಮಾ, ಟಿವಿ ಹಾಕಿಟ್ಟೇ ಹೋಗಿದ್ಯಲ್ಲ? ಗೊರ್ ಅಂತಿತ್ತು. ಮೇನ್ ಸ್ವಿಚ್ಚೇ ಆರಿಸ್ದೆ."

ಟೀಚರ್ ಮತ್ತೆ ಮತ್ತೆ ಹಾಕಿ ನೋಡಿದರು. ಹೊಸದು ಪೂರ್ತಿ ಕೂತಿರಲಿಲ್ಲ, ಹಳೆಯದು ಅಳಿಸಿ ಹೋಗಿತ್ತು, ಒಳಗಿನ ಡಿಸ್ಕು ಕಟಕಟ ಎಂದು ಸುಮ್ಮನಾಯಿತು. ಬೇರೆ ಡಿಸ್ಕು ಸಮುದ್ರದಾಚೆ ರಾಜಧಾನಿ ಆಪಿಯಾದಿಂದ ಬರಬೇಕು.

"ನಾಳೆ ತರಿಸಿದ್ರಾಯ್ತು," ಎಂದ ಲೆಪಾಗಾ ತಾವೇ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ನಾಳೆ ಭಾನುವಾರ. ಕೆಲಸ ಮಾಡಿದ್ರೆ ದಂಡ ಹಾಕ್ಬೇಕಾಗತ್ತೆ."

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಹಿರಿಯರೆದುರು ದನಿ ಎತ್ತಬಾರದೆಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

"ಹಾಗಾದ್ರೆ ಸೋಮವಾರ ನೀವೇ ಮಕ್ಕಳ ಜೊತೆ ಬಸ್ ಹತ್ತಿ, ಯಜಮಾನ್ರೇ. ಯಾಕೆ ಹೋಗ್ತಿದೀವಿ ಅಂತ ಕೇಳ್ತಾರೆ. ನೀವೇ ಹೇಳಿ!"

ಸೋಮವಾರ ನಸುಕಿನಲ್ಲಿ ಮಕ್ಕಳು ಒಬ್ಬರ ತೊಡೆಯ ಮೇಲೊಬ್ಬರು ಕೂತು ಬಸ್ಸು ತುಂಬಿತ್ತು. ಲೆಪಾಗಾ ಮುಂದಿನ ಸೀಟಿನಲ್ಲಿದ್ದರು. ಬಸ್ಸು ಊರು ದಾಟುತ್ತಲೇ ಎದ್ದುನಿಂತು, ಮಕ್ಕಳ ಕಡೆ ತಿರುಗಿದರು.

"ಸ್ವಿಚ್ ಆರಿಸಿದ್ದು ನಾನು," ಎಂದರು.

ಟೀಚರ್ ಕಿಟಕಿಯಾಚೆ ನೋಡುತ್ತಾ ಕೂತರು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ತಪ್ಪೊಪ್ಪಿಕೊಂಡವರ ಮೇಲೆ ಅದನ್ನು ಇನ್ನು ತೀರಿಸಿಕೊಳ್ಳುವಂತಿರಲಿಲ್ಲ.