ಮಾವನ ಎದುರು ಆಡಿದ ಮಾತು

ಸೋಸಲೆ ವೆಂಕಟರಮಣಯ್ಯ ಬದರೀನಾಥನಿಗೆ ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ನಲವತ್ತಮೂರು ವರ್ಷ. ತಂದೆ ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಿವೃತ್ತ ಉಪಾಧ್ಯಾಯರು, ಹೆಂಡತಿ ವತ್ಸಲಾ, ಮಗಳು ಮಂಜರಿಗೆ ಎಂಟು ವರ್ಷ. ಡೆಟ್ರಾಯಿಟಿನ ಒಂದು ಕಾರು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಎಂಜಿನಿಯರನಾಗಿದ್ದ ಅವನಿಗೆ ಕಾಲೇಜಿನಲ್ಲಿ ಅಂಟಿದ ಸಿಗರೇಟು ದಿನಕ್ಕೆರಡು ಪ್ಯಾಕಿಗೆ ಏರಿತ್ತು. ಆದರೂ ತಂದೆಗೆ ಕಾಗದ ಬರೆಯಬೇಕಾದಾಗ, ಕೈಯಲ್ಲಿದ್ದುದನ್ನು ಆರಿಸಿ, ಬಾಯಿ ಮುಕ್ಕಳಿಸಿ ಬಂದು ಪೆನ್ನು ಹಿಡಿಯುತ್ತಿದ್ದನು. ಇದನ್ನು ವತ್ಸಲಾ ಮರ್ಯಾದೆಯೆಂದೇ ಎಣಿಸಿದ್ದಳು.

ಆ ಚಳಿಗಾಲದಲ್ಲಿ ಕಾರ್ಖಾನೆಯವರು ತೆಗೆಸಿದ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲೊಂದು ನೆರಳು ಕಂಡಿತು. ಕೂಡಲೇ ತಜ್ಞರಿಗೆ ತೋರಿಸಬೇಕೆಂದರು. ಗಂಡಹೆಂಡಿರಿಬ್ಬರಿಗೂ ಹೊಳೆದದ್ದು ಒಂದೇ: ನಮ್ಮವರೊಬ್ಬರು ನೋಡಲಿ. ಬದರೀನಾಥನ ತಾಯಿಗೆ ವರಸೆಯಲ್ಲಿ ತಮ್ಮನಾಗಬೇಕಾದ ಡಾಕ್ಟರ್ ಶೇಷಗಿರಿ ಶಿಕಾಗೋದಲ್ಲಿ ಎದೆರೋಗದ ತಜ್ಞರು. ಎಕ್ಸ್‌ರೇ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ವತ್ಸಲಾ ಶಿಕಾಗೋದವರೆಗೂ ಕಾರಿನಲ್ಲಿ ಗಂಡನ ಪಕ್ಕ ಕುಳಿತಳು.

ಶೇಷಗಿರಿಯವರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಸಿಗರೇಟು ಗಿಗರೇಟು ಏನಾದ್ರೂ ಇದೆಯೇನೋ ಬದರಿ?"

"ಛೆ, ಇಲ್ಲ ಮಾವ."

"ಹಾಗಂದ್ಕೊಂಡೇ ಕೇಳಿದೆ. ನಮ್ಮ ಭಾವನ ಮಗ ಅಲ್ವೇನೋ!"

ಬದರೀನಾಥನು ಹಳದಿಗಟ್ಟಿದ ಬೆರಳುಗಳನ್ನು ತೊಡೆಯ ಮೇಲಿದ್ದ ಟೋಪಿಯ ಕೆಳಗೆ ಸರಿಸಿದನು. ಬಿಳಿಯ ಡಾಕ್ಟರು ಕೇಳಿದ್ದರೆ ಗಂಡನು ಅಳುಕದೆ ನಿಜ ಹೇಳುತ್ತಿದ್ದನು. ಹಿರಿಯರೆದುರು ಅವನ ಮಾತನ್ನು ಅಲ್ಲಗಳೆಯುವುದು ಅವಳಿಂದಲೂ ಆಗಲಿಲ್ಲ.

ಸೇದದವನ ಎದೆಯಲ್ಲಿ ನೆರಳಿದ್ದರೆ ಊರಿನಿಂದ ಬಂದ ಹಳೆಯ ಕ್ಷಯವೇ ಇರಬೇಕೆಂದು ತೀರ್ಮಾನಿಸಿ, ಶೇಷಗಿರಿಯವರು ಅದಕ್ಕೆ ಮಾತ್ರೆ ಬರೆದುಕೊಟ್ಟು, ಮೂರು ತಿಂಗಳ ಮೇಲೆ ಬರಹೇಳಿದರು.

ಹಿಂತಿರುಗುವಾಗ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಬದರೀನಾಥನು ಕಾರಿನಿಂದಿಳಿದು ಜೇಬಿಗೆ ಕೈಹಾಕಿದನು.

"ಕಾರು ತಿರುಗಿಸಿ. ಹೋಗಿ ನಿಜ ಹೇಳೋಣ," ಎಂದಳು ವತ್ಸಲಾ.

"ಹುಚ್ಚೇನೇ ನಿಂಗೆ? ನಾವು ಮನೆ ಸೇರೋಕೆ ಮುಂಚೆ ಸುದ್ದಿ ಒಂಟಿಕೊಪ್ಪಲಲ್ಲಿರುತ್ತೆ. ಇವತ್ತಿಂದ ಬಿಟ್ಬಿಡ್ತೀನಿ ಕಣೆ. ಬಿಟ್ಟ ಮೇಲೆ ಸುಳ್ಳು ಎಲ್ಲಿ ಉಳೀತು?"

ಪ್ಯಾಕು ಕಸದ ಡಬ್ಬಿಗೆ ಬಿದ್ದಿತು.

ಬಿಟ್ಟೂ ಬಿಟ್ಟನು. ಕೈ ನಡುಗಿ ನಕ್ಷೆಯ ಗೆರೆಗಳು ಕೆಟ್ಟವು. ಲವಂಗ ಅಗಿದು ಅಗಿದು ನಾಲಗೆ ಸುಟ್ಟಿತು. ಮಂಜರಿ ಶಾಲೆಯಲ್ಲಿ ತಂದೆಗೆಂದೇ ಮಣ್ಣಿನಲ್ಲಿ ಮಾಡಿದ ಬೂದಿಬಟ್ಟಲನ್ನು ತಂದಾಗ ಅವನು ರೇಗಿಬಿಟ್ಟನು.

"ಡ್ಯಾಡಿ, ಡೋಂಟ್ ಯು ಲೈಕ್ ಇಟ್?" ಎಂದು ಮಗು ಅತ್ತಿತು.

ಮೊದಲೆಲ್ಲ ಅವನು ಸೇದುತ್ತಿದ್ದುದು ಗರಾಜಿನಲ್ಲಿ. ಈಗ ಗರಾಜಿನ ಬಾಗಿಲು ಕಿರ್ರೆಂದರೂ ವತ್ಸಲಾ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಕದ್ದು ಅವನ ಕೋಟನ್ನು ಮೂಸುವಳು, ವಾಸನೆ ಇರುತ್ತಿರಲಿಲ್ಲ. ಅದರಿಂದ ಅವಳ ಭಯವೇನೂ ತಗ್ಗಲಿಲ್ಲ. ಸಿಗರೇಟು ಹೋಗಿತ್ತು, ಕೆಮ್ಮು ಹೋಗಿರಲಿಲ್ಲ. ಮಾತ್ರೆಯ ಡಬ್ಬಿಯನ್ನು ಕಂಡಾಗಲೆಲ್ಲ, ಸುಳ್ಳಿಗೆ ಮದ್ದು ಕೊಡುತ್ತಿದ್ದೇನೆಂದು ಅವಳಿಗೆ ಅನಿಸುತ್ತಿತ್ತು. ಒಂದು ದಿನ ಬಟ್ಟೆ ಒಗೆಯಲು ನೆಲಮಾಳಿಗೆಗಿಳಿದವಳ ಕೈಗೆ ಅವನ ಕರವಸ್ತ್ರ ಬಂದಿತು. ಅದರ ಅಂಚಿನಲ್ಲಿ ರಕ್ತದ ಎಳೆಯಿತ್ತು.

ಮೇಲೆ ಬಂದು ಶಿಕಾಗೋಗೆ ಫೋನು ಮಾಡಿದಳು.

"ಮಾವ, ಅವರು ಸೇದ್ತಿದ್ರು. ಇಪ್ಪತ್ತು ವರ್ಷದಿಂದ. ನಿಮ್ಮೆದುರಿಗೆ ಹೇಳಕ್ಕೆ ಅಂಜಿದ್ರು. ನಾನೂ ಬಾಯ್ಮುಚ್ಕೊಂಡಿದ್ದೆ."

ಆ ಕಡೆ ಶೇಷಗಿರಿಯವರು ಹಾಳೆ ತಿರುವಿದ ಸದ್ದು ಕೇಳಿತು.

"ನಾಳೇನೇ ಕರ್ಕೊಂಡ್ ಬಾಮ್ಮ. ಭಾವಂಗೆ ನಾನು ಬರೆಯಲ್ಲ ಅಂತ ಹೇಳು ಆ ದಡ್ಡನಿಗೆ."

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಬದರೀನಾಥನು ನಿಂತಿದ್ದನು.

"ಅಪ್ಪಂಗೆ ಬರೀತಾರಂತಾ?"

"ಇಲ್ವಂತೆ."

ಆಗ ಅವನು ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದನು.

ಅದು ಕ್ಯಾನ್ಸರ್ ಆಗಿತ್ತು. ಬಲ ಶ್ವಾಸಕೋಶದ ಮೇಲ್ಭಾಗವನ್ನು ಕತ್ತರಿಸಿ ತೆಗೆದರು. ಅನಂತರ ಅವನು ಏಳು ವರ್ಷ ಬದುಕಿದನು, ಸಿಗರೇಟನ್ನು ಮುಟ್ಟಲಿಲ್ಲ. ಪ್ರತಿ ಎಕ್ಸ್‌ರೇಯ ಹಿಂದಿನ ದಿನ ಗಂಡಹೆಂಡಿರಿಬ್ಬರೂ ಊಟ ಬಿಡುತ್ತಿದ್ದರು. ಕಡೆಗೆ ನೆರಳು ಎಡಗಡೆ ಬಂದಿತು.

ಬದರೀನಾಥನು ಬಿಟ್ಟುಹೋದದ್ದು ಇಷ್ಟು: ವತ್ಸಲಾ, ಹದಿನೈದು ತುಂಬಿದ ಮಂಜರಿ, ಮಗನ ಕಾಗದಗಳನ್ನು ನಂಬಿ ಅವನು ಕ್ಷಯದಿಂದ ತೀರಿಕೊಂಡನೆಂದೇ ತಿಳಿದಿರುವ ವೃದ್ಧ ತಂದೆ, ಕೋಟಿನ ಜೇಬಿನ ತುಂಬ ಲವಂಗ, ಒಂದು ಚಿಟಿಕೆ ಬೂದಿಯನ್ನೂ ಕಾಣದ ಮಣ್ಣಿನ ಬಟ್ಟಲು, ವತ್ಸಲಾ ಬೆಳಕಿಗೆ ಹಿಡಿಯಲಾರದ ಎಕ್ಸ್‌ರೇ ಲಕೋಟೆಗಳು.