ಊರು ಬಂದಾಗ ಹೇಳ್ತೀನಿ

ನಾನು ಇಪ್ಪತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ತರೀಕೆರೆ, ಅಜ್ಜಂಪುರ, ಕಡೂರು ಎಂದು ಕೂಗಿ ಕೂಗಿ ಗಂಟಲು ಹಿತ್ತಾಳೆಯಾಗಿಬಿಟ್ಟಿತ್ತು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಮೆತ್ತಗೆ ಮಾತಾಡಲು ಬರಲಿಲ್ಲ. ಉಪ್ಪು ಕೊಡಿ ಎಂದರೂ ಹಿಂದಿನ ಸೀಟಿನವರಿಗೆ ಕೇಳಿಸಬೇಕು. "ಲೇ, ಮನೇಲಿ ಇರೋದು ಇಬ್ರೇ ಕಣೇ, ಐವತ್ತೈದು ಜನ ಅಲ್ಲ" ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ನಾನು ಸುಮ್ಮನಿರುವವಳೇ? "ನಿಮ್ಮ ಕಿವಿಗೆ ಅಷ್ಟು ಬೇಕೇ ಬೇಕು" ಎನ್ನುತ್ತಿದ್ದೆ.

ಅಂಥ ಗಂಟಲೂ ಒಂದು ಕೆಲಸಕ್ಕೆ ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಕಡೂರಿನಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳಿಗಾಗಿ ಒಂದು ಸಣ್ಣ ಸಂಸ್ಥೆ ಇದೆ. ಬಾಡಿಗೆ ಮನೆ, ಸಾಲಾಗಿ ಮಂಚಗಳು, ಹಿತ್ತಲಲ್ಲಿ ಒಂದು ನುಗ್ಗೆ ಮರ. ಅದನ್ನು ನಡೆಸುವ ಮೇಡಂ ಹಿಂದೆ ನನ್ನ ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದವರು. ಒಂದು ದಿನ ಸಂತೆಯಲ್ಲಿ ಸಿಕ್ಕಿ, "ನಮ್ಮ ಹುಡುಗೀರಿಗೆ ಪಾಠ ಓದಿ ಫೋನಲ್ಲಿ ರೆಕಾರ್ಡ್ ಮಾಡಿಕೊಡೋರು ಬೇಕು ಕಣ್ರೀ, ನಿಮ್ದು ಒಳ್ಳೆ ಗಂಟಲು" ಎಂದರು. ಒಳ್ಳೆ ಗಂಟಲು! ಹುಟ್ಟಿದಾರಭ್ಯ ಯಾರೂ ಹೇಳದ ಮಾತು. ಅಲ್ಲೇ, ಬದನೆಕಾಯಿ ರಾಶಿಯ ಮುಂದೆ, ಒಪ್ಪಿಕೊಂಡುಬಿಟ್ಟೆ.

ಹಾಗೆ ನನ್ನ ಮಧ್ಯಾಹ್ನಗಳಿಗೆ ಒಂದು ಕೆಲಸ ಬಂತು. ಅಜ್ಜಂಪುರದ ನಮ್ಮ ಮನೆಯ ನಡುಕೋಣೆಯಲ್ಲಿ, ಅಕ್ಕಿ ಡಬ್ಬದ ಮೇಲೆ ಫೋನು ಒರಗಿಸಿ, ಹತ್ತನೇ ಕ್ಲಾಸಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಹೊರಗೆ ಬಿಸಿಲು ನಿಂತಲ್ಲೇ ನಿಂತಿರುತ್ತಿತ್ತು. ಫ್ಯಾನು ಕರಕರ ಎನ್ನುತ್ತಿತ್ತು. ದೂರದಲ್ಲಿ ರೈಲು ಕೂಗಿದರೆ ನಾನೂ ಒಂದು ಗಳಿಗೆ ಓದುವುದು ನಿಲ್ಲಿಸಿ ಅದು ಹೋಗುವ ತನಕ ಕೇಳುತ್ತಿದ್ದೆ. ಓದಿದ್ದರಲ್ಲಿ ಅರ್ಧ ನನಗೇ ಅರ್ಥವಾಗುತ್ತಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ನನ್ನ ದನಿ ನನ್ನದೇ ಅನ್ನಿಸದೆ, ಯಾರೋ ಪಕ್ಕದಲ್ಲಿ ಕೂತು ನನಗೆ ಕಥೆ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು.

ಆ ಪಾಠಗಳೆಲ್ಲ ಒಬ್ಬಳಿಗಾಗಿ. ಯಗಟಿಯವಳು, ಇಪ್ಪತ್ತಾರು ವರ್ಷ. ಆರನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಣ್ಣ ಕುರಿ ಸಾಕುತ್ತಾನೆ. ಸಂಸ್ಥೆಗೆ ತಂದುಬಿಡುವಾಗ ಅವನು ಒಂದೇ ಮಾತು ಹೇಳಿದ್ದನಂತೆ: "ಒಂದ್ ವರ್ಷ. ಹತ್ತನೇ ಕ್ಲಾಸ್ ಪಾಸಾದ್ರೆ ಮುಂದೆ ಓದ್ಲಿ. ಇಲ್ದಿದ್ರೆ ಮನೇಲಿರ್ಲಿ, ನಾನೇ ನೋಡ್ಕೋತೀನಿ." ಕೆಟ್ಟವನಲ್ಲ. ತಂಗಿಯ ತಟ್ಟೆಗೆ ಬಿಸಿ ಮುದ್ದೆ ಹಾಕಿದ ಮೇಲೇ ತಾನು ಉಣ್ಣುವವನು. ಆದರೆ ಇವಳಿಗೆ ಅದೇ ಹೆದರಿಕೆ. "ಇಪ್ಪತ್ತು ವರ್ಷ ಒಂದೇ ಜಗಲಿ ಮೇಲೆ ಕೂತಿದ್ದೀನಮ್ಮ. ಫೇಲಾದ್ರೆ ಮತ್ತೆ ಅದೇ ಜಗಲಿ" ಎನ್ನುತ್ತಿದ್ದಳು.

ವಾರಕ್ಕೊಮ್ಮೆ ನಾನು ಕಡೂರಿಗೆ ಹೋಗಿ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಅವಳ ಲೆಕ್ಕಾಚಾರ ಕೇಳಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನನ್ನ ಮನೆಯ ಸದ್ದುಗಳನ್ನೆಲ್ಲ ಗುರುತಿಟ್ಟುಕೊಂಡು ಪಾಠ ಬಾಯಿಪಾಠ ಮಾಡಿದ್ದಳು. "ಕುಕ್ಕರ್ ಮೂರನೇ ಸಲ ಕೂಗಿದ್ಮೇಲೆ ಎಲೆ ಆಹಾರ ತಯಾರಿಸೋದು ಬತ್ತದೆ. ಯಜಮಾನ್ರು ಕೆಮ್ಮಿದ್ಮೇಲೆ ಸಂವಿಧಾನ" ಎನ್ನುವಳು. ಒಂದು ಸಲ ನಾನು ನಡುವೆ ಎದ್ದು ಬೆಕ್ಕಿಗೆ ಗದರಿದ್ದೆ. "ನಿನ್ ಮನೆ ಹಾಳಾಗ, ಹಾಲಿಗೆ ಬಾಯಿ ಹಾಕ್ತೀಯಾ" ಎಂದಿದ್ದು ಹಾಗೇ ಉಳಿದುಕೊಂಡಿತ್ತು. ಅದನ್ನೂ ಸೇರಿಸಿ ಒಪ್ಪಿಸಿದಳು. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ಮೊದಲ ಸಲ ಅಷ್ಟು ಜೋರಾಗಿ ನಕ್ಕಿದ್ದು ಅಂದು.

ಪರೀಕ್ಷೆ ಬಂತು. ಅವಳು ಹೇಳಿದ್ದನ್ನು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಳು. ಪ್ರತಿ ದಿನ ಬಾಗಿಲಲ್ಲಿ ನಿಂತಿದ್ದು ನಾನೇ. ಫಲಿತಾಂಶದ ದಿನ ಮೇಡಂ ಫೋನ್ ಮಾಡಿದರು. ಎಲ್ಲದರಲ್ಲೂ ಪಾಸು. ಸಮಾಜದಲ್ಲಿ ಮಾತ್ರ ಮೂರು ಅಂಕಕ್ಕೆ ಹೋಗಿದೆ. ಕೆಲವೇ ವಾರದಲ್ಲಿ ಎರಡನೇ ಪರೀಕ್ಷೆ ಇದೆ, ಬರೆಯಬಹುದು. ಆದರೆ ಅಣ್ಣ, ವರ್ಷ ಮುಗೀತು, ಬಂದು ಕರ್ಕೊಂಡ್ ಹೋಗ್ತೀನಿ ಎಂದಿದ್ದಾನೆ.

ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಪ್ರಶ್ನೆ ಬಿಟ್ಟಳು ಎಂದು ಕೇಳಿದೆ. ಕಪ್ಪು ಮಣ್ಣಿನ ಲಕ್ಷಣಗಳು, ನಾಲ್ಕು ಅಂಕ. ಅಯ್ಯೋ ಶಿವನೇ, ಕಪ್ಪು ಮಣ್ಣು! ಅಜ್ಜಂಪುರದಲ್ಲಿ ಮಳೆ ಬಂದರೆ ಚಪ್ಪಲಿ ಬಿಡದೆ ಹಿಡಿದುಕೊಳ್ಳುವ ಮಣ್ಣು. ಅದನ್ನು ನಾನು ಓದಿಲ್ಲವೇ? ಓದಿದ್ದೇನಲ್ಲ! ಹುಡುಕಿ ಆ ಪಾಠ ಹಾಕಿಕೊಂಡು ಅದೇ ನಡುಕೋಣೆಯಲ್ಲಿ ಕೂತು ಕೇಳಿದೆ.

ಮೊದಲು ಎಲ್ಲ ಸರಿಯಾಗಿತ್ತು. ಕೆಂಪು ಮಣ್ಣು ಮುಗಿಯಿತು. ಆಮೇಲೆ ನನ್ನ ದನಿ ಏರು ಹತ್ತುವ ಹಳೇ ಬಸ್ಸಿನ ಹಾಗೆ ನಿಧಾನವಾಯಿತು. "ಕಪ್ಪು ಮಣ್ಣು ತೇವವನ್ನು ಹಿಡಿದು... ಹಿಡ್ಕೊಳ್ಳಿ... ಕಂಬಿ ಹಿಡ್ಕೊಳ್ಳಿ. ಒಳಗೆ ಹೋಗ್ರಿ, ಜಾಗ ಐತೆ." ಆಮೇಲೆ ಬರೀ ಫ್ಯಾನಿನ ಸದ್ದು. ಒಂದು ಗೊರಕೆ. ನನ್ನದೇ! ಹತ್ತಾರು ಊರಿಗೆ ಕೇಳುವ ಗೊರಕೆ. ಆಮೇಲೆ, ನಾನು ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ, ನನ್ನ ಬಾಯಿಯೇ ಮಾತಾಡತೊಡಗಿತು. "ಬುಕ್ಕಾಂಬುಧಿ... ಕೆರೆ ತುಂಬೈತೆ ನೋಡ್ರೀ... ಶಿವನಿ, ಶಿವನಿ, ರೈಲಿಗೆ ಹೋಗೋರು ಇಳೀರಿ... ಹೋಲ್ಡಾನ್... ರೈಟ್." ಶಿವನಿಯಿಂದ ಆ ಬಸ್ಸು ನೇರ ಯಗಟಿಗೆ ಹೋಯಿತು. ಯಾವ ಡಿಪೋದವನೂ ಒಪ್ಪದ ರೂಟು. "ಯಗಟಿ ಯಾರವ್ವಾ? ನೀನಾ? ಮಲ್ಕೋ ಮಗಾ. ನಿನ್ನೂರು ಬಂದಾಗ ನಾನು ಹೇಳ್ತೀನಿ."

ಮತ್ತೆ ಫ್ಯಾನು. ಹಾಳೆಗಳು ಪಟಪಟ ಮಗುಚಿದ ಸದ್ದು. ಕುರ್ಚಿ ಕಿರ್ರೆಂದಿತು. ನಾನು ಎಚ್ಚರಗೊಂಡು, ಏನೂ ಆಗದವಳಂತೆ, ಗಾಳಿ ತೆರೆದಿಟ್ಟ ಪುಟದಿಂದ ಗಟ್ಟಿಯಾಗಿ ಓದುತ್ತಿದ್ದೆ: "ಮಣ್ಣಿನ ಸವೆತ." ಎರಡು ಪುಟ ಹಾರಿಹೋಗಿತ್ತು.

ಮರುದಿನ ಮೊದಲ ಬಸ್ಸಿಗೇ ಕಡೂರಿಗೆ ಹೋದೆ. ಅವಳು ಮಂಚದ ಮೇಲೆ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಒಂದೊಂದನ್ನೂ ಮುಟ್ಟಿ, ಮಡಿಕೆ ನೋಡಿ, ಇಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, "ತಪ್ಪು ನಂದು ಕಣವ್ವಾ, ಓದ್ತಾ ಓದ್ತಾ ನಿದ್ದೆ ಹೋಗ್ಬಿಟ್ಟೆ" ಎಂದೆ.

"ಗೊತ್ತಮ್ಮ" ಎಂದಳು.

"ಗೊತ್ತಾ? ಯಾವಾಗಿಂದ?"

"ಮೊದ್ಲನೇ ಸಲ ಕೇಳಿದಾಗ್ಲಿಂದ."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೇನೇ? ಒಂದ್ ಮಾತು ಹೇಳಿದ್ರೆ ಮತ್ತೆ ಓದಿ ಕಳಿಸ್ತಿರ್ಲಿಲ್ವಾ?"

"ಹೇಳಿದ್ರೆ ಇದನ್ನ ಅಳಿಸ್ಬಿಡ್ತಿದ್ರಿ" ಎಂದಳು. ಕೈಯಲ್ಲಿದ್ದ ರವಿಕೆಯನ್ನು ಬಿಡಿಸಿ ಮತ್ತೆ ಮಡಿಸಿದಳು. "ನಂಗೆ ಎಲ್ರೂ ಕೂತ್ಕೋ ಅಂತಾರೆ, ಅಲ್ಲೇ ಇರು ಅಂತಾರೆ. ನಿನ್ನೂರು ಬಂದಾಗ ಹೇಳ್ತೀನಿ ಅಂತ ಯಾರೂ ಅಂದಿಲ್ಲ. ದಿನಾ ಮಲಗೋವಾಗ ಅದನ್ನೇ ಹಾಕ್ಕೋತೀನಮ್ಮ. ಎರಡು ಪುಟ ತಾನೇ, ಹೋದ್ರೆ ಹೋಗ್ಲಿ ಅನ್ಕೊಂಡೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮಂಚದ ಮೇಲೆ ಅವಳ ಪಕ್ಕ ಕೂತು ಅತ್ತುಬಿಟ್ಟೆ. ಅವಳು ನನ್ನ ಮೊಣಕೈ ಹುಡುಕಿ ಹಿಡಿದುಕೊಂಡಳು. ಆಮೇಲೆ ಮೇಡಂಗೆ ಹೇಳಿದೆ: ಅಣ್ಣ ಬರುವುದು ಬೇಡ, ನಾನೇ ಕರೆದುಕೊಂಡು ಹೋಗುತ್ತೇನೆ. ತಪ್ಪು ಮಾಡಿದವಳು ಅವನ ಮನೆ ಬಾಗಿಲಿಗೇ ಹೋಗಿ ಒಪ್ಪಿಕೊಳ್ಳಬೇಕು. ಎರಡನೇ ಪರೀಕ್ಷೆಗೆ ಒಂದು ಅವಕಾಶ ಬೇಡಿಕೊಳ್ಳಬೇಕು.

ಯಗಟಿಯ ಬಸ್ಸು ಹತ್ತಿದೆವು. ಅವಳ ಬ್ಯಾಗು ಅವಳ ಹೆಗಲಿಗೇ ಇತ್ತು, ಕೊಡು ಎಂದರೂ ಕೊಡಲಿಲ್ಲ. ಕಂಡಕ್ಟರ್ ಹೆಂಗಸರ ಉಚಿತ ಚೀಟಿ ಎರಡು ಹರಿದುಕೊಟ್ಟ. ನಾನು ಅವಳನ್ನು ಕಿಟಕಿಗೆ ಕೂರಿಸಿ, "ಈಗ ಎಚ್ಚರ ಇದ್ದೇ ಹೇಳ್ತಿದ್ದೀನಿ, ಮಲ್ಕೋ ಮಗಾ, ನಿನ್ನೂರು ಬಂದಾಗ ಹೇಳ್ತೀನಿ" ಎಂದೆ. ನಕ್ಕಳು.

ಊರು ದಾಟಿದ ಮೇಲೆ ತೆಂಗಿನ ತೋಟದ ನೆರಳು ಬಂದು ಮಡಿಲ ಮೇಲೆ ಬಿದ್ದು ಹೋಗುತ್ತಿತ್ತು. ನೆರಳು, ಬಿಸಿಲು, ನೆರಳು. ರಾಗಿ ಹೊಲಗಳು ಉತ್ತು ಖಾಲಿಯಿದ್ದವು. ರಾತ್ರಿಯೆಲ್ಲ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಎಂಜಿನ್ನಿನ ಸದ್ದು ಕಾಲಿನಿಂದ ಮೇಲೆ ಬರುತ್ತಿತ್ತು, ಇಪ್ಪತ್ತೆರಡು ವರ್ಷ ನನ್ನ ಮೂಳೆಯಲ್ಲಿ ಇಳಿದಿದ್ದ ಸದ್ದು. ಯಾರೋ ಬಾಳೆಹಣ್ಣು ಸುಲಿದ ವಾಸನೆ. ಬುಕ್ಕಾಂಬುಧಿ ಕೆರೆ ತುಂಬಿ ಏರಿಯವರೆಗೂ ಬಂದಿತ್ತು, ನೀರಿನ ಮೇಲೆ ನಮ್ಮ ಬಸ್ಸು ಸದ್ದಿಲ್ಲದೆ ಹೋಗುತ್ತಿತ್ತು, ನನ್ನ ಕೈಯಲ್ಲಿ ಟಿಕೆಟ್ ಪುಸ್ತಕ ಇರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ.

"ಯಗಟಿ ಇಳೀತಾರೆ, ಹೋಲ್ಡಾನ್!"

ನನ್ನದೇ ಕೂಗು. ಆದರೆ ಕೂಗಿದವಳು ನಾನಲ್ಲ. ಹೆಗಲ ಮೇಲೆ ಒಂದು ಕೈ ಇತ್ತು. "ಅಮ್ಮಾ, ಏಳಿ. ಊರು ಬಂತು."

ಇಪ್ಪತ್ತೆರಡು ವರ್ಷ ಎಷ್ಟು ಜನರನ್ನು ಹಾಗೆ ಎಬ್ಬಿಸಿದ್ದೇನೋ, ನನ್ನನ್ನು ಯಾರೂ ಎಬ್ಬಿಸಿರಲಿಲ್ಲ. "ನಿಂಗೆ ಹೆಂಗ್ ಗೊತ್ತಾಯ್ತೇ?" ಎಂದೆ. "ಹಂಪು ಎರಡು ಆಯ್ತು, ಎಡಕ್ಕೆ ತಿರುಗ್ತು, ಕುರಿ ವಾಸ್ನೆ ಬಂತು. ಬನ್ನಿ, ಮೆಟ್ಟಿಲು ಎತ್ತರ ಐತೆ, ನೋಡ್ಕೊಂಡು" ಎಂದಳು. ಬ್ಯಾಗು ಒಂದು ಹೆಗಲಿಗೆ, ಕೋಲು ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ಸೆರಗು ಜಾರಿದ, ಕಣ್ಣು ಬಿಡಲಾರದ ನಾನು. ಹಾಗೆ ನನ್ನನ್ನು ಇಳಿಸಿದಳು.

ಕೆಳಗೆ ಅವಳ ಅಣ್ಣ ನಿಂತಿದ್ದ. ತಂಗಿಯನ್ನು ಕರೆದುಕೊಂಡು ಬರುತ್ತಿದ್ದಾರೆ ಎಂದು ಮೇಡಂ ಅವನಿಗೆ ಹೇಳಿದ್ದರು. ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

ಮನೆಯ ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟ. ಇಪ್ಪತ್ತು ವರ್ಷದ ಜಗಲಿ ಇದೇ ಎಂದು ನೋಡಿದೆ. ಕಂಬದ ಬಳಿ ಒಂದು ಜಾಗ ಕೂತು ಕೂತು ನುಣುಪಾಗಿತ್ತು. ಅವಳು ಅಲ್ಲಿ ಕೂರದೆ ನಿಂತೇ ಇದ್ದಳು. ನಾನು ಎಲ್ಲ ಹೇಳಿದೆ. ನಿದ್ದೆ, ನಿದ್ದೆಯಲ್ಲಿ ಆಡಿದ ಮಾತು, ಫ್ಯಾನು, ಹಾರಿಹೋದ ಪುಟ. "ಬೈಯೋದಿದ್ರೆ ನನ್ನ ಬೈಯಪ್ಪಾ. ಅವಳಿಗೆ ಇನ್ನೊಂದು ಪರೀಕ್ಷೆ ಬರೆಯೋಕೆ ಬಿಡು."

ಅವನು ಬೈಯಲಿಲ್ಲ. "ಓದೋದೆಲ್ಲ ಸರಿ ಕಣಮ್ಮಾ" ಎಂದ. "ಪಾಸಾಯ್ತು ಅಂತಿಟ್ಕಳಿ. ಕಾಲೇಜು ಅಂತೀರ, ಆಮೇಲೆ ಕೆಲ್ಸ ಅಂತೀರ. ದಿನಾ ಯಾರು ಕರ್ಕೊಂಡೋಗ್ತಾರೆ, ಯಾರು ಕರ್ಕೊಂಡ್ ಬತ್ತಾರೆ? ಕುರಿ ಬಿಟ್ಟು ನಾನು ಹೋಗಕ್ಕಾಯ್ತದಾ? ಅದೊಂದೇ ನಂಗೆ ಭಯ." ಬಾಯಿ ಇದ್ದವಳು ಬರಗಾಲದಲ್ಲೂ ಬದುಕಿದಳು ಅಂತಾರೆ, ಅಂದು ನನ್ನ ಬಾಯಿ ಕಟ್ಟಿಹೋಯಿತು.

"ಅದೇನು ನಿದ್ದೇಲಿ ಮಾತಾಡಿದ್ದೀರಂತೆ, ಹಾಕಿ ನೋಡಾನ" ಎಂದ. ಅವಳು ತನ್ನ ಫೋನಿನಲ್ಲಿ ಹಾಕಿದಳು. ಗೊರಕೆಗೆ ಅವನು ಮೀಸೆಯಲ್ಲೇ ನಕ್ಕ. "ಯಗಟಿ ಯಾರವ್ವಾ" ಎಂದಾಗ ನಗು ನಿಂತಿತು. ಪೂರ್ತಿ ಕೇಳಿದ. ಎದ್ದು ಕುರಿ ಹಟ್ಟಿಯ ಕಡೆ ಹೋದವನು ಬಹಳ ಹೊತ್ತು ಬರಲಿಲ್ಲ.

ಅವಳು ಎರಡನೇ ಪರೀಕ್ಷೆಯಲ್ಲಿ ಪಾಸಾದಳು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಬಿಟ್ಟಿದ್ದ ಎರಡು ಪುಟವನ್ನು ನಾನು ನಿಂತುಕೊಂಡೇ ಓದಿ ಬೇರೆಯಾಗಿ ಕಳಿಸಿದೆ. ಹಳೆಯದನ್ನು ಅಳಿಸಲಿಲ್ಲ. ಈಗ ಕಡೂರಿನಲ್ಲೇ ಪಿಯುಸಿ ಓದುತ್ತಾಳೆ, ನನ್ನ ಮಧ್ಯಾಹ್ನಗಳು ಮೊದಲಿನಂತೆಯೇ ಹೋಗುತ್ತವೆ. ಆದರೆ ಫಲಿತಾಂಶಕ್ಕಿಂತ ನನಗೆ ನೆನಪಾಗುವುದು ಆ ಸಂಜೆ.

ನಾನು ಕಡೂರಿಗೆ ವಾಪಸು ಹೋಗಲು ಸ್ಟಾಪಿನಲ್ಲಿ ಒಬ್ಬಳೇ ನಿಂತಿದ್ದೆ. ಸೋತವಳ ಹಾಗೆ ನಿಂತಿದ್ದೆ. ಬಿಸಿಲು ಹಳದಿಯಾಗಿತ್ತು, ಹಟ್ಟಿಗೆ ಮರಳುವ ಕುರಿಗಳ ಧೂಳು ರಸ್ತೆಯ ಮೇಲೆ ಇನ್ನೂ ಕೂತಿರಲಿಲ್ಲ. ಆ ಧೂಳಿನೊಳಗಿಂದ ಅಣ್ಣ ತಂಗಿ ಇಬ್ಬರೂ ಬಂದರು. ಬ್ಯಾಗು ಅವನ ತಲೆಯ ಮೇಲಿತ್ತು.

ಬಸ್ಸು ಬಂತು. ಅವನು ಬ್ಯಾಗನ್ನು ಒಳಗಿಟ್ಟ. ರಜೆ ಮುಗಿದು ಅವಳನ್ನು ಸಂಸ್ಥೆಗೆ ಕಳಿಸುವಾಗೆಲ್ಲ ಅವನು ಕಂಡಕ್ಟರನ್ನು ಕರೆದು, ಇವಳಿಗೆ ಕಣ್ಣು ಕಾಣಲ್ಲ, ಸ್ವಲ್ಪ ನೋಡಿ ಇಳಿಸಿ ಎಂದು ಕೈಮುಗಿಯುತ್ತಿದ್ದನಂತೆ. ಅಂದು ಕಂಡಕ್ಟರ್ ಕಡೆ ತಿರುಗಲೂ ಇಲ್ಲ. ಕಿಟಕಿಯ ಕೆಳಗೆ ಬಂದು ನಿಂತು, ತಂಗಿಗೆ ಹೇಳಿದ:

"ಆಯಮ್ಮ ಮತ್ತೆ ನಿದ್ದೆ ಹೋಯ್ತಾರೆ. ಕಡೂರು ಬಂದಾಗ ಎಬ್ಬಿಸಿ, ಜೋಪಾನವಾಗಿ ಇಳಿಸ್ಕೋ ಕಣವ್ವಾ."